ತೋಟದ ಶೆಡ್‌ಗೆ ಅರ್ಥಿಂಗ್: ಗುಂಡಿ ತೋಡುವುದರಿಂದ ಟೆಸ್ಟ್ ಮಾಡುವವರೆಗೆ

ನಮ್ಮ ತೋಟದ ಕೊಟ್ಟಿಗೆಯಲ್ಲಿ ಒಂದು ಬೇಸಿಗೆ ಗೌರಿ ಎಂಬ ಹಸು ಬಾನಿಯ ನೀರು ಕುಡಿಯುವುದನ್ನೇ ಬಿಟ್ಟಿತು. ಬಾನಿ ಹತ್ತಿರ ಬರುತ್ತಿತ್ತು, ಮೂತಿ ಇಡುತ್ತಿತ್ತು, ತಟ್ಟನೆ ಹಿಂದೆ ಸರಿಯುತ್ತಿತ್ತು. ಅದೇ ನೀರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೊಟ್ಟರೆ ಗಟಗಟ ಕುಡಿಯುತ್ತಿತ್ತು. ಬಾನಿ ವಾಸನೆ ಬಂದಿರಬೇಕು ಅಂತ ಎರಡು ಸಲ ತಿಕ್ಕಿ ತೊಳೆದೆವು. ನಾಲ್ಕನೇ ದಿನ ಅಮ್ಮ ಬರಿಗಾಲಲ್ಲಿ ಹೋಗಿ ಬಾನಿಯ ನಲ್ಲಿ ತಿರುಗಿಸಿದಳು, ಮರುಕ್ಷಣ ಕೈ ಎಳೆದುಕೊಂಡಳು. "ಕೈ ಜುಮ್ ಅಂತು ಕಣೋ, ನಲ್ಲೀಲಿ ಕರೆಂಟ್ ಇದೆ" ಅಂದಳು.

ಹುಡುಕಿದಾಗ ಸಿಕ್ಕಿದ್ದು ಇಷ್ಟು. ಮೇವು ಕತ್ತರಿಸುವ ಮೆಷಿನ್ನಿನ ವೈರನ್ನು ಇಲಿ ಕಡಿದಿತ್ತು. ತಾಮ್ರ ಹೊರಗೆ ಬಂದು ಮೆಷಿನ್ನಿನ ಕಬ್ಬಿಣಕ್ಕೆ ತಾಗಿತ್ತು. ಆ ಕಬ್ಬಿಣ ಬಾನಿಗೆ ಹೋಗುವ ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪಿಗೆ ತಾಗಿತ್ತು. ಹಾಗಾದರೆ ಶೆಡ್‌ಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಮಣ್ಣಿಗೆ ಇಳಿಸುವ ವ್ಯವಸ್ಥೆ, ಇರಲಿಲ್ವಾ ಅಂದರೆ, ಇತ್ತು. ಶೆಡ್ಡಿನ ಹಿಂದೆ ಒಣ ಮಣ್ಣಿನಲ್ಲಿ ಎರಡು ಅಡಿ ಉದ್ದದ ಸರಳು ಹುಗಿದು, ಅದಕ್ಕೆ ಒಂದು ತೆಳು ತಂತಿ ಸುತ್ತಿದ್ದರು. ಅರ್ಥಿಂಗ್ ಆಗಿದೆ ಅಂತ ಐದು ವರ್ಷ ನಂಬಿಕೊಂಡೇ ಇದ್ದೆವು. ಅಮ್ಮನ ಕೈ ನಲ್ಲಿಗೆ ಅಂಟಿಕೊಳ್ಳಲಿಲ್ಲ. ಅದು ನಮ್ಮ ಪುಣ್ಯ, ಅಷ್ಟೇ.

ಆಮೇಲೆ ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು. ಆ ಅನುಭವದ ಮೇಲೆ ಇದನ್ನು ಬರೆಯುತ್ತಿದ್ದೇನೆ. ತೋಟದ ಶೆಡ್, ಕೊಟ್ಟಿಗೆ, ಪಂಪ್‌ಹೌಸ್, ಹಿತ್ತಲಿನ ಬಚ್ಚಲು, ಯಾವುದಕ್ಕಾದರೂ ಕ್ರಮ ಒಂದೇ. ಮೊದಲೇ ಒಂದು ಮಾತು. ಜಾಗ ಆರಿಸುವುದು, ಗುಂಡಿ ತೋಡುವುದು, ತುಂಬುವುದು, ಸಾಮಾನು ತರುವುದು ನೀವು ಮಾಡಬಹುದು. ಬೋರ್ಡ್ ಬಿಚ್ಚುವುದು, ವೈರ್ ಸೇರಿಸುವುದು, ಟೆಸ್ಟ್ ಮಾಡುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಅವರ ಪಕ್ಕದಲ್ಲಿ ನಿಂತು ಏನು ಕೇಳಬೇಕು, ಏನು ನೋಡಬೇಕು ಅಂತ ನಿಮಗೆ ಗೊತ್ತಿರಲಿ.

ಗುಂಡಿಗೆ ಮೊದಲು ಒಂದು ಲೆಕ್ಕ

ನಮ್ಮ ಕಡೆ ಕಂಬದಿಂದ ಮನೆಗೆ ಬರುವುದು ಫೇಸ್ (ಕರೆಂಟ್ ತರುವ ವೈರ್) ಮತ್ತು ನ್ಯೂಟ್ರಲ್ (ಅದು ವಾಪಸ್ ಹೋಗುವ ವೈರ್) ಮಾತ್ರ. ಅರ್ಥ್ ನಾವೇ ಮಾಡಿಕೊಳ್ಳಬೇಕು. ಮೆಷಿನ್ನಿನ ಬಾಡಿಗೆ, ಅಂದರೆ ಹೊರಗಿನ ಕಬ್ಬಿಣಕ್ಕೆ, ಫೇಸ್ ತಾಗಿದರೆ ಕರೆಂಟ್ ನಮ್ಮ ಅರ್ಥ್ ಪೈಪಿನಿಂದ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಮೂಲಕವೇ ಟ್ರಾನ್ಸ್‌ಫಾರ್ಮರಿನ ಅರ್ಥ್‌ಗೆ ವಾಪಸ್ ಹೋಗುತ್ತದೆ. ಮಣ್ಣು ತಾಮ್ರದ ತಂತಿಯಲ್ಲ, ಕರೆಂಟನ್ನು ತಡೆಯುತ್ತದೆ. ಆ ತಡೆಯನ್ನು ಓಮ್ ಲೆಕ್ಕದಲ್ಲಿ ಅಳೆಯುತ್ತಾರೆ.

ನಿಮ್ಮ ಅರ್ಥ್ ಪೈಪಿನ ತಡೆ 30 ಓಮ್, ಟ್ರಾನ್ಸ್‌ಫಾರ್ಮರಿನದ್ದು 2 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟನ್ನು 32ರಿಂದ ಭಾಗಿಸಿದರೆ ಸುಮಾರು 7 ಆಂಪಿಯರ್ ಬರುತ್ತದೆ. ಶೆಡ್ಡಿನಲ್ಲಿ 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್) ಇದ್ದರೆ 7 ಆಂಪಿಯರ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದು ಬೀಳುವುದೇ ಇಲ್ಲ. ಅಷ್ಟು ಹೊತ್ತೂ ಮೆಷಿನ್ನಿನ ಬಾಡಿಯಲ್ಲಿ 215 ವೋಲ್ಟ್ ಇರುತ್ತದೆ. ಕಷ್ಟಪಟ್ಟು ಉಪ್ಪು, ಇದ್ದಿಲು ಎಲ್ಲ ಹಾಕಿ 5 ಓಮ್‌ಗೆ ಇಳಿಸಿದಿರಿ ಅನ್ನೋಣ. ಆಗಲೂ ಹರಿಯುವುದು 33 ಆಂಪಿಯರ್. 32 ಆಂಪಿಯರಿನ ಎಂಸಿಬಿಯಾದರೆ ಅದಕ್ಕೂ ಬೀಳುವುದಿಲ್ಲ, ಬಾಡಿಯಲ್ಲಿ 160 ವೋಲ್ಟಿಗಿಂತ ಜಾಸ್ತಿ ಉಳಿದಿರುತ್ತದೆ.

ಅಂದರೆ ಬರೀ ಅರ್ಥಿಂಗ್ ಜೀವ ಉಳಿಸುವುದಿಲ್ಲ. ಅದರ ಜೊತೆ ಆರ್‌ಸಿಸಿಬಿ ಇರಲೇಬೇಕು. ಅಂಗಡಿಯಲ್ಲಿ ಇನ್ನೂ ತುಂಬ ಜನ ಇದನ್ನು ಇಎಲ್‌ಸಿಬಿ ಅಂತಲೇ ಕೇಳುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅಂದರೆ ಅಷ್ಟು ಕರೆಂಟ್ ಮಣ್ಣಿಗೋ ಮನುಷ್ಯನ ಮೈಗೋ ಸೋರಿದರೆ, ಲೈನ್ ಕಡಿಯುತ್ತದೆ. ಮೇಲಿನ ಲೆಕ್ಕದ 7 ಆಂಪಿಯರ್ ಸೋರಿದಾಗ ಕಡಿಯಲು ಅದಕ್ಕೆ 40 ಮಿಲಿಸೆಕೆಂಡ್ ಸಾಕು. ಅರ್ಥ್ 30 ಓಮ್ ಇದ್ದರೂ ಸರಿ, 100 ಇದ್ದರೂ ಸರಿ, ಅದು ಕೆಲಸ ಮಾಡುತ್ತದೆ.

ಹಾಗಾದರೆ ಪೈಪ್ ಯಾಕೆ, ಬರೀ ಆರ್‌ಸಿಸಿಬಿ ಹಾಕಿದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಅರ್ಥ್ ಇಲ್ಲದಿದ್ದರೆ ಸೋರಿದ ಕರೆಂಟ್ ಹೋಗಲು ದಾರಿ ಇರುವುದಿಲ್ಲ, ಯಾರಾದರೂ ಮುಟ್ಟುವವರೆಗೆ ಆರ್‌ಸಿಸಿಬಿ ಸುಮ್ನೆ ಇರುತ್ತದೆ. ಮುಟ್ಟಿದವರ ಮೈಯೇ ದಾರಿ ಆಗುತ್ತದೆ. ಅರ್ಥ್ ಇದ್ದರೆ ವೈರ್ ಬಾಡಿಗೆ ತಾಗಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಲೈನ್ ಹೋಗುತ್ತದೆ.

ಕರೆಂಟ್ ಎಲ್ಲಿಂದ ಬರುತ್ತಿದೆ?

ಶೆಡ್‌ಗೆ ಬೇರೆ ಮೀಟರ್ ಇದ್ದರೆ ಅದಕ್ಕೆ ಅದರದ್ದೇ ಅರ್ಥ್ ಮಾಡಿ, ಮುಗಿಯಿತು. ಮನೆಯಿಂದ ಲೈನ್ ಎಳೆಯುವುದಾದರೆ ಸ್ವಲ್ಪ ಯೋಚಿಸಬೇಕು.

ನಾವು ಮನೆಯಿಂದ ಶೆಡ್‌ಗೆ ಮೂರು ಕೋರಿನ (ಒಳಗೆ ಮೂರು ವೈರ್, ಸುತ್ತ ಕಬ್ಬಿಣದ ತಂತಿಯ ಕವಚ ಇರುವ) ಆರ್ಮರ್ಡ್ ಕೇಬಲ್ ಎಳೆದೆವು: ಫೇಸ್, ನ್ಯೂಟ್ರಲ್, ಅರ್ಥ್. ಶೆಡ್ ಹತ್ತಿರ ಇನ್ನೊಂದು ಪೈಪ್ ಹುಗಿದು ಅದನ್ನೂ ಕೇಬಲ್ಲಿನ ಅರ್ಥ್ ಕೋರನ್ನೂ ಶೆಡ್ಡಿನ ಅರ್ಥ್ ಪಟ್ಟಿಗೆ (ಎಲ್ಲ ಅರ್ಥ್ ವೈರುಗಳು ಬಂದು ಸೇರುವ ಲೋಹದ ಪಟ್ಟಿ) ಸೇರಿಸಿದೆವು. ಒಂದು ಕಡೆ ಜಾಯಿಂಟ್ ಬಿಟ್ಟುಹೋದರೂ ಇನ್ನೊಂದು ಇರುತ್ತದೆ. ಆದರೆ ಇದರಲ್ಲಿ ಒಂದು ಅಪಾಯ ಇದೆ. ಮನೆಯಲ್ಲಿ ಆರ್‌ಸಿಸಿಬಿ ಇಲ್ಲದೆ ಫ್ರಿಜ್ಜಿನ ಬಾಡಿಗೆ ಕರೆಂಟ್ ಬಂದರೆ, ಅದೇ ಅರ್ಥ್ ವೈರಿನಲ್ಲಿ ಆ ವೋಲ್ಟೇಜ್ ಕೊಟ್ಟಿಗೆಗೂ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತ ದನ ಅದನ್ನು ಅನುಭವಿಸಬೇಕಾಗುತ್ತದೆ. ಅದಕ್ಕೇ ಮನೆಗೆ ಮೊದಲು ಆರ್‌ಸಿಸಿಬಿ ಹಾಕಿಸಿ, ಆಮೇಲೆ ಅರ್ಥ್ ಹಂಚಿಕೊಳ್ಳಿ. ಮನೆಯ ವೈರಿಂಗ್ ಹಳೆಯದು, ಸದ್ಯಕ್ಕೆ ಮುಟ್ಟಲು ಆಗುವುದಿಲ್ಲ ಅನ್ನುವವರು ಅರ್ಥ್ ಕೋರನ್ನು ಶೆಡ್ಡಿನಲ್ಲಿ ಸೇರಿಸದೆ, ಶೆಡ್ಡಿನ ಪೈಪನ್ನು ಮಾತ್ರ ನಂಬುವುದು ಮೇಲು.

ಕೇಬಲ್ಲನ್ನು ಮುಕ್ಕಾಲು ಮೀಟರ್ ಆಳದಲ್ಲಿ ಹಾಕಿ. ಕೆಳಗೆ ಮೇಲೆ ಮರಳು, ಅದರ ಮೇಲೆ ಸಾಲಾಗಿ ಇಟ್ಟಿಗೆ. ನಾಳೆ ಯಾರೋ ಬುಡ ಬಿಡಿಸುವಾಗ ಗುದ್ದಲಿಗೆ ಮೊದಲು ಇಟ್ಟಿಗೆ ಸಿಗಬೇಕು. ಆರ್ಮರಿನ ಕಬ್ಬಿಣದ ತಂತಿಗಳನ್ನು ಗ್ಲ್ಯಾಂಡ್ (ಕೇಬಲ್ ತುದಿಯನ್ನು ಹಿಡಿಯುವ ಲೋಹದ ಬಿಗಿತ) ಹಾಕಿ ಅರ್ಥ್‌ಗೆ ಸೇರಿಸಲು ಮರೆಯಬೇಡಿ, ತುಂಬ ಕಡೆ ಅದನ್ನು ಕತ್ತರಿಸಿ ಹಾಗೇ ಬಿಟ್ಟಿರುತ್ತಾರೆ. ಅರ್ಥ್ ಕೋರನ್ನು ಶೆಡ್ಡಿನಲ್ಲಿ ಸೇರಿಸದವರು ಆರ್ಮರನ್ನೂ ಮನೆಯ ಕಡೆ ಮಾತ್ರ ಸೇರಿಸಬೇಕು. ದೂರ ಜಾಸ್ತಿ ಇದ್ದರೆ ವೈರಿನ ದಪ್ಪವೂ ಜಾಸ್ತಿ ಬೇಕು. 60 ಮೀಟರ್ ದೂರಕ್ಕೆ 2.5 ಚದರ ಮಿಲಿಮೀಟರಿನ ತಾಮ್ರದಲ್ಲಿ 10 ಆಂಪಿಯರ್ ಎಳೆದರೆ ಸುಮಾರು 9 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಚದರ ಮಿಲಿಮೀಟರ್ ಹಾಕಿದರೆ ಐದೂವರೆ.

ಪೈಪಿಗೆ ಜಾಗ

ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಬೇಕು. ವರ್ಷವಿಡೀ ತೇವ ಇರುವ ಜಾಗ ಹುಡುಕಿ. ಬಚ್ಚಲ ನೀರು ಹರಿಯುವ ಕಡೆ, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ, ಬಾಳೆ ಬುಡದ ಹತ್ತಿರ. ಆದರೆ ದನ ಕಟ್ಟುವ ಜಾಗ, ಜನ ಬರಿಗಾಲಲ್ಲಿ ಓಡಾಡುವ ದಾರಿ ಬೇಡ. ಕರೆಂಟ್ ಮಣ್ಣಿಗೆ ಇಳಿಯುವಾಗ ಪೈಪಿನ ಸುತ್ತ ನೆಲದಲ್ಲೇ ವೋಲ್ಟೇಜ್ ಹರಡಿರುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಜಾಸ್ತಿ, ಹಾಗಾಗಿ ಅದಕ್ಕೆ ನಮಗಿಂತ ಹೆಚ್ಚು ತಾಗುತ್ತದೆ. ಗೊಬ್ಬರದ ಗುಂಡಿಯ ಹತ್ತಿರವೂ ಬೇಡ. ಗಂಜಲ, ಗೊಬ್ಬರ ಜಿಐ ಪೈಪನ್ನು ಬೇಗ ತಿನ್ನುತ್ತವೆ.

ಮಣ್ಣು ಊರಿಂದ ಊರಿಗೆ ಬೇರೆ. ಬಯಲುಸೀಮೆಯ ಎರೆಮಣ್ಣಿನಲ್ಲಿ ತಡೆ ಕಡಿಮೆ ಸಿಗುತ್ತದೆ. ಆದರೆ ಬೇಸಿಗೆಯಲ್ಲಿ ಆ ಮಣ್ಣು ಬಿರಿದು ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಮಲೆನಾಡಿನ ಜಂಬಿಟ್ಟಿಗೆ ನೆಲ ಮಳೆಗಾಲದಲ್ಲಿ ನೀರು ಕುಡಿದು ಚೆನ್ನಾಗಿರುತ್ತದೆ, ಏಪ್ರಿಲ್‌ನಲ್ಲಿ ಒಣಗಿ ಕಲ್ಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ 100 ಓಮ್-ಮೀಟರಿನ (ಮಣ್ಣಿನ ತಡೆ ಅಳೆಯುವ ಮಾನ) ಮಣ್ಣಿನಲ್ಲಿ 3 ಮೀಟರಿನ ಒಂದು ರಾಡ್ ಸುಮಾರು 33 ಓಮ್ ಕೊಡುತ್ತದೆ. ಮಣ್ಣಿನ ತಡೆ ಎಷ್ಟು ಪಟ್ಟು ಏರುತ್ತದೋ ಇದೂ ಅಷ್ಟೇ ಪಟ್ಟು ಏರುತ್ತದೆ.

ಗುಂಡಿ, ಪೈಪ್, ತುಂಬುವುದು

ಸಾಮಾನು: 40 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪದ, ಕನಿಷ್ಠ ಎರಡೂವರೆ ಮೀಟರ್ ಉದ್ದದ ಒಳ್ಳೆ ಜಿಐ ಪೈಪ್. 25 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಜಿಐ ಪಟ್ಟಿ. ಬೆಂಟೋನೈಟ್ ಪುಡಿ ಎರಡು ಮೂರು ಚೀಲ. ಜಿಐ ನಟ್ಟು, ಬೋಲ್ಟು, ವಾಷರ್. ಮೇಲೆ ಮುಚ್ಚಲು ಸಿಮೆಂಟಿನ ಚೇಂಬರ್ ಮತ್ತು ಮುಚ್ಚಳ. ಜಿಐ ಬದಲು ತಾಮ್ರ ಲೇಪಿಸಿದ ರಾಡ್ ಹಾಕಿದರೂ ಆಯಿತು.

ಗುಂಡಿ ತೋಡುವುದೇ ದೊಡ್ಡ ಕೆಲಸ. ಮೇಲಿನ ಎರಡು ಅಡಿ ಗುದ್ದಲಿ, ಪಿಕಾಸಿಗೆ ಬಗ್ಗುತ್ತದೆ. ಆಮೇಲೆ ಜಂಬಿಟ್ಟಿಗೆ ಸಿಕ್ಕರೆ ಹಾರೆಯಲ್ಲಿ ಕುಟ್ಟುವುದು ಸುಸ್ತು. ತೆಂಗಿನ ಗುಂಡಿಗೆ ಬಳಸುವ ಪವರ್ ಆಗರ್ ಬಾಡಿಗೆಗೆ ಸಿಕ್ಕರೆ ತನ್ನಿ. ನಮಗೆ ಮೂರು ಮೀಟರ್ ಹೋಗಲು ಒಂದೂವರೆ ದಿನ ಹಿಡಿಯಿತು. ಒಬ್ಬರೇ ಗುಂಡಿಗಿಳಿದು ತೋಡಬೇಡಿ, ಮೇಲೆ ಒಬ್ಬರು ಇರಲೇಬೇಕು.

ಒಂದು ಮೀಟರಿಗೇ ಬಂಡೆ ಸಿಕ್ಕಿದರೆ ಹೋರಾಡಬೇಡಿ. ಅರ್ಧ ಮೀಟರಿಗಿಂತ ಆಳದ ಕಾಲುವೆ ತೋಡಿ, ಕನಿಷ್ಠ 15 ಮೀಟರ್ ಉದ್ದದ ದಪ್ಪ ಜಿಐ ಪಟ್ಟಿಯನ್ನು ಅಡ್ಡಕ್ಕೆ ಹುಗಿಯಿರಿ. ಅಡಿಕೆ ಸಾಲಿನ ಬಸಿಗಾಲುವೆ ಪಕ್ಕ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ತುಂಬುವ ವಿಷಯ. ಹಳೆಯ ಪದ್ಧತಿ ಉಪ್ಪು, ಇದ್ದಿಲು ಪದರ ಪದರವಾಗಿ ಹಾಕುವುದು. ಮೊದಲ ವರ್ಷ ಮೀಟರಿನಲ್ಲಿ ಒಳ್ಳೆ ಅಂಕಿ ಬರುತ್ತದೆ. ಆದರೆ ಉಪ್ಪು ಜಿಐ ಪೈಪನ್ನು ತಿನ್ನುತ್ತದೆ, ಮಳೆಗೆ ಕರಗಿ ಹೋಗಿಯೂ ಬಿಡುತ್ತದೆ. ನಮ್ಮ ಮಳೆಯಲ್ಲಂತೂ ನಿಲ್ಲುವ ಮಾತೇ ಇಲ್ಲ. ನಾನು ಬೆಂಟೋನೈಟನ್ನೇ ಹೇಳುತ್ತೇನೆ. ಅದು ಒಂದು ಜಾತಿಯ ಜೇಡಿಮಣ್ಣು. ನೀರು ಹೀರಿ ಉಬ್ಬುತ್ತದೆ, ಪೈಪನ್ನು ಅಂಟಿಕೊಂಡಿರುತ್ತದೆ, ತೇವವನ್ನು ಬೇಗ ಬಿಡುವುದಿಲ್ಲ. ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಪೈಪನ್ನು ಗುಂಡಿಯ ನಡುವೆ ನೆಟ್ಟಗೆ ನಿಲ್ಲಿಸಿ, ಸುತ್ತ ನಿಧಾನಕ್ಕೆ ಸುರಿಯಿರಿ. ಗಾಳಿ ಸೇರದ ಹಾಗೆ ಕೋಲಿನಲ್ಲಿ ತಿವಿಯುತ್ತಾ ಬನ್ನಿ. ಹೊರಗಿನ ಜಾಗಕ್ಕೆ ಕಲ್ಲು ಆರಿಸಿ ತೆಗೆದ ನುಣುಪು ಮಣ್ಣನ್ನು ನೀರು ಹಾಕಿ ದಮ್ಮಾಸು ಮಾಡಿ. ಜಲ್ಲಿ, ಒಡೆದ ಹಂಚು, ಕಟ್ಟಡದ ಕಸ ತುಂಬಲು ಬಿಡಬೇಡಿ.

ಪೈಪಿನ ತುದಿಗೆ ಪಟ್ಟಿಯನ್ನು ಬೋಲ್ಟ್ ಹಾಕಿ ಬಿಗಿಯಿರಿ, ಎರಡು ಬೋಲ್ಟ್ ಇರಲಿ. ತಂತಿಯನ್ನು ಸುಮ್ನೆ ಸುತ್ತಿ ಬಿಟ್ಟರೆ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಸಡಿಲಾಗುತ್ತದೆ, ನಮ್ಮದು ಹಾಗೇ ಆಗಿತ್ತು. ತಾಮ್ರದ ವೈರ್ ಸೇರಿಸುವುದಾದರೆ ತವರ ಲೇಪಿಸಿದ ಲಗ್ (ವೈರಿನ ತುದಿಗೆ ಹಾಕುವ ಲೋಹದ ಬಳೆ) ಹಾಕಿ. ತಾಮ್ರ ನೇರವಾಗಿ ಜಿಐಗೆ ತಾಗಿದರೆ ಅಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಬಿಗಿದ ಮೇಲೆ ಟಾರಿನ ಬಣ್ಣ ಬಳಿಯಿರಿ. ಜಾಯಿಂಟ್ ಚೇಂಬರಿನೊಳಗೆ ಕಾಣುವಂತಿರಲಿ. ಮಣ್ಣಿನಡಿ ಮುಚ್ಚಿಹೋದರೆ ಯಾರೂ ಮತ್ತೆ ಅದನ್ನು ನೋಡುವುದಿಲ್ಲ.

ಒಂದು ಪೈಪ್ ಸಾಲದಿದ್ದರೆ ಎರಡನೆಯದನ್ನು ದೂರ ಹಾಕಿ. 3 ಮೀಟರಿನ ಪೈಪ್ ಆದರೆ ಮಧ್ಯೆ 6 ಮೀಟರ್ ಇರಬೇಕು. ಪಕ್ಕಪಕ್ಕ ಹಾಕಿದರೆ ಎರಡೂ ಒಂದೇ ಮಣ್ಣನ್ನು ಹಂಚಿಕೊಳ್ಳುತ್ತವೆ, ಖರ್ಚಷ್ಟೇ ಎರಡರಷ್ಟು.

ಶೆಡ್ಡಿನ ಒಳಗೆ

ಪೈಪಿಗೆ ಬಿಗಿದ ಜಿಐ ಪಟ್ಟಿ ಶೆಡ್ಡಿನ ಡಿಬಿ ಬಾಕ್ಸಿನ (ಎಂಸಿಬಿ, ಆರ್‌ಸಿಸಿಬಿ ಕೂರುವ ಪೆಟ್ಟಿಗೆ) ಪಕ್ಕದ ಅರ್ಥ್ ಪಟ್ಟಿಗೆ ಬರಬೇಕು. ಅಲ್ಲಿಂದ ಪ್ರತಿ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ, ಪ್ರತಿ ಮೆಷಿನ್ನಿನ ಬಾಡಿಗೆ ಹಸಿರು ವೈರ್. ಅದರ ದಪ್ಪ ಫೇಸ್ ವೈರಿನಷ್ಟೇ ಇರಲಿ. ಮೂರು ಫೇಸಿನ ಮೋಟಾರ್ ಇದ್ದರೆ ಅದರ ಬಾಡಿಗೆ ಎರಡು ಬೇರೆ ಬೇರೆ ಅರ್ಥ್ ಜೋಡಣೆ ಬೇಕು, ನಿಯಮವೂ ಅದೇ.

ಕೊಟ್ಟಿಗೆಯಾದರೆ ಇಷ್ಟಕ್ಕೆ ನಿಲ್ಲಿಸಬೇಡಿ. ದನ ಮುಟ್ಟಬಹುದಾದ ಪ್ರತಿ ಕಬ್ಬಿಣವನ್ನೂ ಅದೇ ಅರ್ಥ್ ಪಟ್ಟಿಗೆ ಸೇರಿಸಿ: ಜಿಐ ನೀರಿನ ಪೈಪ್, ಕಟ್ಟುವ ಕಂಬಿ, ಕಬ್ಬಿಣದ ಬಾನಿ, ತಗಡಿನ ಮಾಡಿನ ಚೌಕಟ್ಟು. ಹೊಸದಾಗಿ ನೆಲಕ್ಕೆ ಕಾಂಕ್ರೀಟ್ ಹಾಕುವವರಿದ್ದರೆ ಒಳಗೆ ವೆಲ್ಡೆಡ್ ಮೆಷ್ ಹಾಸಿ, ಅದರ ಒಂದು ತುದಿಯನ್ನೂ ಅರ್ಥ್‌ಗೆ ಕಟ್ಟಿ. ಆಗ ನೆಲ, ಬಾನಿ, ಕಂಬಿ ಎಲ್ಲದರ ವೋಲ್ಟೇಜ್ ಒಂದೇ ಆಗುತ್ತದೆ. ಮೂತಿಗೂ ಕಾಲಿಗೂ ನಡುವೆ ವ್ಯತ್ಯಾಸ ಇಲ್ಲದಿದ್ದರೆ ಶಾಕ್ ಇಲ್ಲ. ಗೌರಿಗೆ ತಾಗುತ್ತಿದ್ದದ್ದು ಈ ವ್ಯತ್ಯಾಸವೇ. ಚಪ್ಪಲಿ ಹಾಕಿಕೊಂಡು ಅದೇ ಬಾನಿ ತೊಳೆದ ನನಗೆ ಏನೂ ಗೊತ್ತಾಗಿರಲಿಲ್ಲ.

ಆರ್‌ಸಿಸಿಬಿಯನ್ನು ಶೆಡ್ಡಿನ ಡಿಬಿಯಲ್ಲಿ 30 ಮಿಲಿಆಂಪಿಯರಿನದ್ದು ಹಾಕಿಸಿ. ಸಿಂಗಲ್ ಫೇಸಿಗೆ ಎರಡು ಪೋಲಿನದ್ದು, ಮೂರು ಫೇಸಿಗೆ ನಾಲ್ಕು ಪೋಲಿನದ್ದು. ಕೇಬಲ್ ಶುರುವಾಗುವ ಮನೆಯ ಕಡೆ 100 ಮಿಲಿಆಂಪಿಯರಿನ ಇನ್ನೊಂದು ಇದ್ದರೆ ಮಣ್ಣಿನಡಿಯ ಕೇಬಲ್ಲಿಗೂ ರಕ್ಷಣೆ ಸಿಗುತ್ತದೆ. ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಎಂಸಿಬಿಯೂ ಜೊತೆಗೆ ಬೇಕು. ಆರ್‌ಸಿಸಿಬಿ ದಾಟಿದ ಮೇಲೆ ಎಲ್ಲೂ ನ್ಯೂಟ್ರಲ್ಲನ್ನು ಅರ್ಥ್‌ಗೆ ಸೇರಿಸಬಾರದು. ಸೇರಿಸಿದರೆ ಕಾರಣವಿಲ್ಲದೆ ಬೀಳುತ್ತಿರುತ್ತದೆ. ಆಗ ಬೇಜಾರಾಗಿ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಬೀಳುತ್ತಿದೆ ಅಂದರೆ ಎಲ್ಲೋ ಸೋರುತ್ತಿದೆ. ನಮ್ಮ ಶೆಡ್ಡಿನಲ್ಲಿ ಹಾಕಿದ ಮೊದಲ ದಿನವೇ ಮೂರು ಸಲ ಬಿತ್ತು. ಮೇವಿನ ಮೆಷಿನ್ನಿನ ಮೋಟಾರಿನೊಳಗೂ ತೇವ ಸೇರಿತ್ತು, ವೈಂಡಿಂಗ್ ಮಾಡಿಸಿದ ಮೇಲೆ ನಿಂತಿತು.

ಇನ್ನು ತೋಟಗಳಲ್ಲಿ ನಡೆಯುವ ಎರಡು ಕೆಟ್ಟ ರೂಢಿಗಳ ಬಗ್ಗೆ ಹೇಳಲೇಬೇಕು. ಒಂದು, ಅರ್ಥ್ ಇಲ್ಲ ಅಂತ ಸಾಕೆಟ್ಟಿನಲ್ಲಿ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಲೂಪ್ ಮಾಡುವುದು. ಗಾಳಿ ಮಳೆಗೆ ಕಂಬದಿಂದ ಬರುವ ನ್ಯೂಟ್ರಲ್ ಕಡಿದರೆ, ಉರಿಯುತ್ತಿರುವ ಬಲ್ಬಿನ ಮೂಲಕ ಬಂದ ಫೇಸ್ ಎಲ್ಲ ಮೆಷಿನ್ನಿನ ಬಾಡಿಗೂ ಬಂದು ಕೂರುತ್ತದೆ. ಇನ್ನೊಂದು, ಪಂಪಿನ ಲೈನಿನಿಂದ ಒಂದು ಫೇಸ್ ತೆಗೆದು, ನ್ಯೂಟ್ರಲ್ ಬದಲು ಅರ್ಥ್ ಸರಳಿಗೆ ಕೊಟ್ಟು ಬಲ್ಬ್ ಉರಿಸುವುದು. ಬಲ್ಬ್ ಉರಿಯುತ್ತದೆ ನಿಜ. ಆದರೆ ಆ ಸರಳಿನ ಸುತ್ತಲ ಒದ್ದೆ ನೆಲದಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ. ಸರಳಿನ ತಂತಿ ಬಿಚ್ಚಿಕೊಂಡರೆ ಆ ತಂತಿಯಲ್ಲೇ 230 ವೋಲ್ಟ್ ಇರುತ್ತದೆ. ಎರಡನ್ನೂ ಇವತ್ತೇ ತೆಗೆಸಿ.

ಸಿಡಿಲಿನ ರಕ್ಷಣೆ ಬೇರೆ ಕೆಲಸ. ಈ ಪೈಪ್ ಇದೆ ಅಂತ ಸಿಡಿಲಿಗೆ ಭಯವಿಲ್ಲ ಅಂದುಕೊಳ್ಳಬೇಡಿ.

ಟೆಸ್ಟ್

ಫೇಸಿಗೂ ಅರ್ಥ್‌ಗೂ ನಡುವೆ 100 ವ್ಯಾಟಿನ ಬಲ್ಬ್ ಹಚ್ಚಿ, "ನೋಡಿ, ಫುಲ್ ಉರೀತಿದೆ, ಅರ್ಥ್ ಚೆನ್ನಾಗಿದೆ" ಅನ್ನುವುದು ಎಲ್ಲ ಕಡೆ ಇದೆ. ಆ ಬಲ್ಬಿನ ತಡೆಯೇ 529 ಓಮ್. ಅರ್ಥ್ 50 ಓಮ್ ಇದ್ದರೂ ಬಲ್ಬಿಗೆ 210 ವೋಲ್ಟ್ ಸಿಗುತ್ತದೆ, 100 ಓಮ್ ಇದ್ದರೂ 193. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಮಲ್ಟಿಮೀಟರಿನಲ್ಲಿ 230 ತೋರಿಸಿತು ಅನ್ನುವುದೂ ಅಷ್ಟೇ, ಒಣ ಮಣ್ಣಿಗೆ ಚುಚ್ಚಿದ ಮೊಳೆಯೂ ಅಷ್ಟು ತೋರಿಸಬಹುದು.

ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ. ಮೇನ್ ಆಫ್ ಮಾಡಿ, ಪೈಪನ್ನು ಶೆಡ್ಡಿನ ವೈರಿಂಗ್‌ನಿಂದ ಬಿಚ್ಚಿ ಅಳೆಯಬೇಕು. ಒಂದು ಮೊಳೆಯನ್ನು ಸುಮಾರು 30 ಮೀಟರ್ ದೂರದಲ್ಲಿ, ಇನ್ನೊಂದನ್ನು ಅದೇ ಗೆರೆಯಲ್ಲಿ ಸುಮಾರು 18 ಮೀಟರಿನಲ್ಲಿ ನೆಡುತ್ತಾರೆ. ನಡುವಿನ ಮೊಳೆಯನ್ನು ಎರಡು ಮೂರು ಮೀಟರ್ ಹಿಂದೆ ಮುಂದೆ ಸರಿಸಿದಾಗಲೂ ಅಂಕಿ ಹೆಚ್ಚು ಕಡಿಮೆ ಅಷ್ಟೇ ಇದ್ದರೆ ಅಳತೆ ಸರಿ. ನಮ್ಮ ಮೊದಲ ಪೈಪ್ 48 ಓಮ್ ತೋರಿಸಿತು. ಎರಡನೆಯದನ್ನು ಸೇರಿಸಿದ ಮೇಲೆ 26. ಆರ್‌ಸಿಸಿಬಿ ಇರುವ ಶೆಡ್‌ಗೆ ಇದು ಧಾರಾಳ ಸಾಕು.

ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅವತ್ತೇ ಬದಲಾಯಿಸಿ. ಆದರೆ ಆ ಬಟನ್ ಪರೀಕ್ಷಿಸುವುದು ಆರ್‌ಸಿಸಿಬಿಯನ್ನು ಮಾತ್ರ. ಅರ್ಥ್ ಪೈಪನ್ನು ಪೂರ್ತಿ ಕಿತ್ತು ಹಾಕಿದ್ದರೂ ಬಟನ್ ಒತ್ತಿದರೆ ಅದು ಬೀಳುತ್ತದೆ. ಅರ್ಥ್ ಸೇರಿಸಿ ನೋಡಬೇಕಾದರೆ ಸಾಕೆಟ್ಟಿಗೆ ಹಾಕುವ ಆರ್‌ಸಿಸಿಬಿ ಟೆಸ್ಟರ್ ಬೇಕು. ಕೆಲಸ ಮುಗಿಸಿ ದುಡ್ಡು ಕೊಡುವ ಮೊದಲು ಪ್ರತಿ ಸಾಕೆಟ್ಟಿನಲ್ಲೂ ಅದನ್ನು ಹಾಕಿ ತೋರಿಸಲು ಹೇಳಿ.

ಅರ್ಥ್ ಅಳೆಯಬೇಕಾದದ್ದು ಏಪ್ರಿಲ್ ಕೊನೆ, ಮೇ ಮೊದಲ ವಾರದಲ್ಲಿ, ಮಳೆ ಬೀಳುವ ಮೊದಲು. ಜುಲೈನಲ್ಲಿ ಅಳೆದರೆ ಎಂಥ ಪೈಪೂ ಒಳ್ಳೆ ಅಂಕಿ ತೋರಿಸುತ್ತದೆ. ಬೇಸಿಗೆಯಲ್ಲಿ ವಾರಕ್ಕೆ ಎರಡು ಕೊಡ ನೀರು ಚೇಂಬರಿಗೆ ಹಾಕುತ್ತೇವೆ, ಅಮ್ಮ ತುಳಸಿಗೆ ನೀರು ಹಾಕಿದ ಮೇಲೆ ಅದಕ್ಕೂ ಹಾಕುತ್ತಾಳೆ. ಪ್ರತಿ ಮೇ ತಿಂಗಳ ಅಂಕಿಯನ್ನು ಡಿಬಿ ಬಾಗಿಲಿನ ಒಳಗಡೆ ಮಾರ್ಕರ್‌ನಲ್ಲಿ ಬರೆದಿಡುತ್ತೇನೆ. ಈವರೆಗೆ 26, 27, 29 ಆಗಿದೆ. 40 ದಾಟಿದ ವರ್ಷ ಚೇಂಬರ್ ತೆರೆದು ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿದು ಅಳೆಯಬೇಕು.